ಹರಿಹರದ ಎರಡು ಸೇತುವೆಗಳೂ ದಾವಣಗೆರೆಯ ರೈಲುಮಾರ್ಗದ ಇತಿಹಾಸಶೋಧನೆಯೂ

ಹರಿಹರಕ್ಷೇತ್ರದಲ್ಲಿ ಓದಬೇಕಾದ ಕಲ್ಲುಗಳಿಗೆ ಕೊರತೆಯಿಲ್ಲ. ಹರಿದ್ರಾನದಿಯು ತುಂಗಭದ್ರೆಯನ್ನು ಕೂಡುವ ಈ ಸ್ಥಳಕ್ಕೆ ಕೂಡಲೂರೆಂಬ ಹಳೆಯ ಹೆಸರೂ ಉಂಟು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥನಾದ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನಗಳನ್ನು ರೈಸ್ ಸಾಹೇಬರು 1903ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ, ದಾವಣಗೆರೆ ತಾಲ್ಲೂಕಿನ ಶಾಸನಗಳ ಸಾಲಿನಲ್ಲಿ, ಸೇರಿಸಿರುವರು. ಅಂದಿನಿಂದ ಇಂದಿನವರೆಗೆ ಆ ಕಲ್ಲುಗಳನ್ನು ಓದಿದವರೂ, ಓದಿದುದನ್ನು ತಿದ್ದಿದವರೂ ಅನೇಕರು. ಆದರೆ ಆ ದೇವಾಲಯದ ಊರಿನಲ್ಲಿಯೇ ಇದೇ ಹೊಳೆಯನ್ನು ದಾಟುವ ರೈಲುಮಾರ್ಗವನ್ನು ಅಷ್ಟೇ ಶ್ರದ್ಧೆಯಿಂದ ಓದಿದವರು ವಿರಳ. ಅದಕ್ಕೂ ಅಕ್ಷರಗಳಿವೆ, ಕಾಲನಿರ್ದೇಶವಿದೆ, ದಾನಿಗಳಿಗೆ ಬದಲಾಗಿ ಸಾಲಕೊಟ್ಟವರಿದ್ದಾರೆ. ಇದನ್ನು ಓದುವ ಕೆಲಸವೇ ರೈಲ್ವೆ ಇತಿಹಾಸಾಸಕ್ತರ ಮಂಡಲಿಗಳು ಅನ್ಯದೇಶಗಳಲ್ಲಿ ಒಂದು ಶತಮಾನಕ್ಕೂ ಮೇಲ್ಪಟ್ಟು ನಡೆಸಿಕೊಂಡು ಬಂದಿರುವ ಕೆಲಸ. ದಾವಣಗೆರೆ ಹರಿಹರಗಳಲ್ಲಿ ಅಂಥ ಕೆಲಸಕ್ಕೆ ವಿಷಯವೇನು, ಪ್ರಮಾಣಗಳೇನು ಎಂಬುದು ಇಲ್ಲಿ ವಿಚಾರಾರ್ಹವಾಗಿದೆ.

ಲಂಡನ್ ನಗರದಲ್ಲಿ 'ರೈಲ್ವೆ ಕ್ಲಬ್' ಎಂಬ ಸಂಘವು 1899ರಲ್ಲಿಯೂ, 'ಸ್ಟೀಫನ್‌ಸನ್ ಲೋಕೋಮೋಟಿವ್ ಸೊಸೈಟಿ'ಯು 1909ರಲ್ಲಿಯೂ ಹುಟ್ಟಿದುವು. ವೇಲ್ಸ್ ಸೀಮೆಯಲ್ಲಿ ಮುಚ್ಚಿಹೋಗಲಿದ್ದ ತಾಲಿಲ್ಲಿನ್ ಎಂಬ ಕಿರುಮಾರ್ಗವನ್ನು 1951ರಲ್ಲಿ ಆಸಕ್ತರೇ ವಹಿಸಿಕೊಂಡು ಸ್ವಯಂಸೇವೆಯಿಂದ ಬಂಡಿ ಓಡಿಸಲು ತೊಡಗಿದರು. ನಮ್ಮ ದೇಶದಲ್ಲಿ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವು 1977ರಲ್ಲಿಯೂ, ಮೈಸೂರಿನದು 1979ರಲ್ಲಿಯೂ, ಹುಬ್ಬಳ್ಳಿಯದು 2020ರಲ್ಲಿಯೂ ತೆರೆಯಲ್ಪಟ್ಟುವು. ಇವೆಲ್ಲವೂ ಶ್ಲಾಘ್ಯವೇ. ಆದರೆ ವಸ್ತುಸಂಗ್ರಹಾಲಯಕ್ಕೆ ಎಂಜಿನನ್ನು ಎಳೆದು ತರಬಹುದು, ಬೋಗಿಯನ್ನು ತರಬಹುದು, ಮಾರ್ಗವನ್ನು ತರಲಾಗದು. ಮಾರ್ಗವು ಎಲ್ಲಿ ಬಾಗಿತು, ಯಾವ ಊರನ್ನು ಮುಟ್ಟಿತು, ಯಾವುದನ್ನು ಬಿಟ್ಟಿತು ಎಂಬುದನ್ನು ಆ ನೆಲದವರೇ ನೆಲದಲ್ಲಿ ನಿಂತು ನೋಡಬೇಕು.

ದಾವಣಗೆರೆಯ ವಿಷಯದಲ್ಲಿ ಹೀಗೆ ನೋಡತಕ್ಕ ಮೊದಲನೆಯ ಸಂಗತಿಯೆಂದರೆ ಎರಡು ದಾರಿಗಳ ಅಗಲಿಕೆ ಮತ್ತು ಕೂಡಿಕೆ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹಳೆಯ ಹೆದ್ದಾರಿಯು ತುಮಕೂರು, ಸಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ದಾವಣಗೆರೆಗೆ ಬಂದು, ಹರಿಹರದಲ್ಲಿ ಹೊಳೆಯನ್ನು ದಾಟುತ್ತಿದ್ದಿತು. ದಾವಣಗೆರೆಯಲ್ಲಿಯೂ ಹರಿಹರದಲ್ಲಿಯೂ ಜನರು ಇಂದಿಗೂ ಪಿ.ಬಿ. ರಸ್ತೆಯೆಂದು, ಅರ್ಥಾತ್ ಪೂನಾ–ಬೆಂಗಳೂರು ರಸ್ತೆಯೆಂದು, ಕರೆಯುವುದು ಇದನ್ನೇ. ಈ ರಸ್ತೆಗಾಗಿ ಹರಿಹರದಲ್ಲಿ ಕಲ್ಲು ಇಟ್ಟಿಗೆಗಳ ಸೇತುವೆಯು ಸುಮಾರು ಮೂರೂವರೆ ಲಕ್ಷ ರೂಪಾಯಿಗಳ ವೆಚ್ಚದಲ್ಲಿ 1868ರಲ್ಲಿ ಪೂರ್ಣವಾಯಿತು. ತಲಾ 60 ಅಡಿ ಅಗಲದ ಹದಿನಾಲ್ಕು ಕಮಾನುಗಳು. ಕಮಾನುಗಳ ತೆರವೇ 840 ಅಡಿ. ಗಾಡಿ ಎತ್ತುಗಳ ಕಾಲದಲ್ಲಿ ಇದೊಂದು ಮಹಾಕಾರ್ಯವೆಂಬುದರಲ್ಲಿ ಸಂದೇಹವಿಲ್ಲ.

ಆ ಬಳಿಕ ಬಂದುದು ಧಾತು ಈಶ್ವರ ಸಂವತ್ಸರಗಳ ಕ್ಷಾಮ. ಮೈಸೂರು ಸಂಸ್ಥಾನದ ಜನಸಂಖ್ಯೆಯು 1871ರಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದುದು 1881ರಲ್ಲಿ 42 ಲಕ್ಷಕ್ಕೆ ಇಳಿಯಿತೆಂಬ ಒಂದು ಲೆಕ್ಕವೇ ಆ ವಿಪತ್ತಿನ ಪ್ರಮಾಣವನ್ನು ಹೇಳುವುದು. ಒಂದು ಸೀಮೆಯಲ್ಲಿ ಧಾನ್ಯವಿದ್ದರೂ ಮೇವುನೀರಿಲ್ಲದೆ ಎತ್ತುಗಳು ಸತ್ತುದರಿಂದ ಮತ್ತೊಂದು ಸೀಮೆಗೆ ಅದನ್ನು ಸಾಗಿಸಲಾಗಲಿಲ್ಲ. ಕ್ಷಾಮನಿವಾರಣೆಗೆ ರೈಲುಮಾರ್ಗಗಳು ಆವಶ್ಯಕವೆಂಬ ಅಭಿಪ್ರಾಯವು ಇದರಿಂದ ಬಲಪಟ್ಟು, ಮುಂಬಯಿ ಪ್ರಾಂತದ ದಕ್ಷಿಣಭಾಗಕ್ಕಾಗಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು 1882ರಲ್ಲಿ ಸ್ಥಾಪಿತವಾಯಿತು. ಅತ್ತ ಮೈಸೂರು ಸಂಸ್ಥಾನವು ಬೆಂಗಳೂರು–ಮೈಸೂರು ಮಾರ್ಗವನ್ನು 1882ರಲ್ಲಿ ಮುಗಿಸಿ, 1884ರಲ್ಲಿ ತುಮಕೂರನ್ನು ಮುಟ್ಟಿ, ಗುಬ್ಬಿಯವರೆಗೆ ಹಳಿಯನ್ನು ಹಾಕಿತು. ಮುಂದಣ ಕೆಲಸಕ್ಕೆ ಸ್ವಂತ ಹಣ ಸಾಲದೆ, 1886ರಲ್ಲಿ ಮಾರ್ಗಗಳನ್ನು ಆ ಕಂಪನಿಯ ವಶಕ್ಕೆ ಕೊಟ್ಟು, ಲಂಡನ್ನಿನಲ್ಲಿ ಎತ್ತಿದ ಸಾಲದಿಂದ ಗುಬ್ಬಿ–ಹರಿಹರ ಮಾರ್ಗವನ್ನು ಕಟ್ಟಿಸಲಾಯಿತು. ಅದು ಸಂಚಾರಕ್ಕೆ ತೆರೆದುದು 1889ರಲ್ಲಿ.

ಇಲ್ಲಿ ಗಮನಿಸಬೇಕಾದುದು ದಿಕ್ಕು. ತುಮಕೂರಿನವರೆಗೆ ರಸ್ತೆಯ ಜೊತೆಯಲ್ಲಿದ್ದ ರೈಲು ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ತಿಪಟೂರು, ಅರಸೀಕೆರೆ, ಕಡೂರು, ಬೀರೂರುಗಳನ್ನು ಸುತ್ತಿ, ಚಿಕ್ಕಜಾಜೂರು ಮಾಯಕೊಂಡಗಳ ಮೇಲೆ ಉತ್ತರಕ್ಕೆ ಬಂದಿತು. ಸಿರಾ ಹಿರಿಯೂರುಗಳು ಹಳಿಯಿಂದ ದೂರವಾದುವು. ಚಿತ್ರದುರ್ಗವು ಜಿಲ್ಲೆಯ ಮುಖ್ಯಪಟ್ಟಣವಾಗಿದ್ದೂ ಹಳಿಯಿಲ್ಲದ ಊರಾಗಿ ಉಳಿದು, ಚಿಕ್ಕಜಾಜೂರಿನಿಂದ ಒಂದು ಕವಲುಮಾರ್ಗವನ್ನು 1921ರವರೆಗೆ ಕಾಯಬೇಕಾಯಿತು. ತುಮಕೂರಿನಲ್ಲಿ ಅಗಲಿದ ರಸ್ತೆಯೂ ರೈಲೂ ಮರಳಿ ಕೂಡಿದ ಮೊದಲನೆಯ ದೊಡ್ಡ ಪೇಟೆಯೇ ದಾವಣಗೆರೆ. ಅಲ್ಲಿಂದ ಮುಂದೆ ಸುಮಾರು 14 ಕಿಲೋಮೀಟರು ಒಡನೊಡನೆ ಸಾಗಿ, ಹರಿಹರದಲ್ಲಿ ಎರಡೂ ಬೇರೆ ಬೇರೆ ಸೇತುವೆಗಳಿಂದ ಒಂದೇ ಹೊಳೆಯನ್ನು ದಾಟಿದುವು. ಒಂದು ಊರಿನ ಭಾಗ್ಯವನ್ನು ನಕ್ಷೆಯ ಮೇಲೆ ಇಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನಗಳು ಹೆಚ್ಚಿಲ್ಲ.

ಹಾಗೆಂದು ದಾವಣಗೆರೆಯನ್ನು ರೈಲೇ ಸೃಷ್ಟಿಸಿತೆಂದು ಹೇಳುವುದು ಅವಿಚಾರವಾದೀತು. ಹೈದರಾಲಿಯು ಅಪ್ಪೋಜಿರಾಮನೆಂಬ ಮರಾಠಾ ಸರದಾರನಿಗೆ ಈ ಊರನ್ನು ಜಹಗೀರಾಗಿ ಕೊಟ್ಟ ಕಾಲದಿಂದಲೇ ಇಲ್ಲಿ ಪೇಟೆ ಬೆಳೆದಿತ್ತು. ಇಲ್ಲಿನ ಕಂಬಳಿಯ ವ್ಯಾಪಾರವು ರೈಲಿಗಿಂತ ಹಳೆಯದು. ಪುರಸಭೆಯು 1870ರಲ್ಲಿಯೇ ಇದ್ದಿತು. ಹತ್ತಿಯ ಗಿರಣಿಗಳು ಬಂದುದಾದರೋ ರೈಲು ಬಂದು ಸುಮಾರು ಅರ್ಧಶತಮಾನ ಕಳೆದ ಮೇಲೆ. ಹರಿಹರದಲ್ಲಿ ಕಿರ್ಲೋಸ್ಕರರ ಯಂತ್ರಗಳ ಕಾರ್ಖಾನೆ ನಿಂತುದು 1941ರಲ್ಲಿ. ಕಾಗೆ ಕುಳಿತುದೂ ತಾಳೆಯ ಹಣ್ಣು ಬಿದ್ದುದೂ ಒಟ್ಟಿಗೆ ಆದ ಮಾತ್ರಕ್ಕೆ ಕಾರ್ಯಕಾರಣಸಂಬಂಧ ಸಿದ್ಧಿಸದೆಂಬುದು ತರ್ಕಶಾಸ್ತ್ರದ ಬಾಲಪಾಠ. ಇಲ್ಲಿ ಕಾಗೆಗೂ ಹಣ್ಣಿಗೂ ನಡುವೆ ಅರ್ಧಶತಮಾನದ ಅಂತರವೇ ಇದೆ! ರೈಲು ಬಂದ ಮೇಲೆ ಮೊದಲು ಹೆಚ್ಚಿದುದು ಯಾವ ಸರಕು? ಕಂಬಳಿಯೋ, ಅರಳೆಯೋ, ಧಾನ್ಯವೋ? ಹೊರಗೆ ಹೋದುದೆಷ್ಟು, ಒಳಗೆ ಬಂದುದೆಷ್ಟು? ಇದನ್ನು ನಿರ್ಣಯಿಸಬಲ್ಲವು ಸ್ಟೇಷನ್ನಿನ ಸರಕಿನ ಲೆಕ್ಕದ ಪುಸ್ತಕಗಳು, ಪುರಸಭೆಯ ಸುಂಕದ ಕಡತಗಳು, ಮಂಡಿಯ ವರ್ತಕರ ಮನೆಗಳಲ್ಲಿ ಉಳಿದ ಖಾತೆ ಕಿರ್ದಿಗಳು ಮತ್ತು ರೈಲ್ವೆ ರಸೀದಿಗಳು. ಕಚೇರಿಯ ಪುಸ್ತಕಗಳಿಗೆ ಗೊತ್ತಾದ ಅವಧಿಯೊಂದಿದ್ದು, ಅದು ಮುಗಿದೊಡನೆ ಅವು ರದ್ದಿಗೆ ಹೋಗುವುವು. ವರ್ತಕರ ಮನೆಯ ಖಾತೆಗಳಿಗೆ ಅಂಥ ನಿಯಮವಿಲ್ಲವಾದರೂ, ಮನೆ ಪಾಲಾಗುವಾಗಲೋ ಅಂಗಡಿ ಬದಲಾಗುವಾಗಲೋ ಅವುಗಳಿಗೂ ಅದೇ ಗತಿ. ಒಂದು ಮಂಡಲಿಯು ಬೇರೇನನ್ನೂ ಮಾಡದೆ ಇಂಥ ಹತ್ತು ಖಾತೆಗಳನ್ನು ಉಳಿಸಿದರೂ ದಾವಣಗೆರೆಯ ಚರಿತ್ರೆಯ ಒಂದು ಅಧ್ಯಾಯವನ್ನು ಉಳಿಸಿದಂತೆ.

ಕಾಗದಪತ್ರಗಳು ಚದುರಿಹೋಗಿರುವುದಕ್ಕೆ ಮತ್ತೊಂದು ಕಾರಣವೂ ಇದೆ. ಹರಿಹರದ ಹೊಳೆಯು ಅಂದು ಎರಡು ಆಡಳಿತಗಳ ಗಡಿ. ದಕ್ಷಿಣದ ದಂಡೆಯು ಮೈಸೂರು ಸಂಸ್ಥಾನ; ಉತ್ತರದ ದಂಡೆಯು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು. ಮಾರ್ಗದ ಒಡೆತನವಾದರೋ ಇನ್ನೂ ಹಲವು ಕೈಗಳನ್ನು ಕಂಡಿತು. ಸದರ್ನ್ ಮರಾಠಾ ಕಂಪನಿಯು 1908ರಲ್ಲಿ ಮದರಾಸು ರೈಲ್ವೆಯೊಡನೆ ಕೂಡಿತು. 1938ರಲ್ಲಿ ಬೆಂಗಳೂರು–ಹರಿಹರ ಭಾಗವನ್ನು ಮೈಸೂರು ಸಂಸ್ಥಾನವೇ ತನ್ನ ನಿರ್ವಾಹಕ್ಕೆ ತೆಗೆದುಕೊಂಡಿತು. 1951ರಲ್ಲಿ ದಕ್ಷಿಣ ರೈಲ್ವೆಯು ಏರ್ಪಟ್ಟಿತು. 2003ರಿಂದ ಹುಬ್ಬಳ್ಳಿಯಲ್ಲಿ ಮುಖ್ಯ ಕಚೇರಿಯುಳ್ಳ ನೈಋತ್ಯ ರೈಲ್ವೆ. ಆದುದರಿಂದ ಒಂದೇ ಸೇತುವೆಯ ಕಥೆಯನ್ನು ಬೆಂಗಳೂರು, ಮುಂಬಯಿ, ಚೆನ್ನೈ, ಲಂಡನ್ ಈ ನಾಲ್ಕು ಕಡೆಯ ದಫ್ತರಗಳಲ್ಲಿ ಹುಡುಕಬೇಕಾಗುವುದು. ಈ ತುಂಡುಗಳನ್ನು ಒಂದುಗೂಡಿಸಿ ನೋಡಲು ಇರುವ ಏಕೈಕ ಸ್ಥಳ ಹೊಳೆಯ ದಂಡೆಯೇ.

ಇನ್ನು ನೆಲದ ಮೇಲಣ ಪ್ರಮಾಣಗಳು. ಉಕ್ಕಿನ ಹಳಿಯ ಪಕ್ಕದಲ್ಲಿ ಅದನ್ನು ಮಾಡಿದ ಕಾರ್ಖಾನೆಯ ಹೆಸರನ್ನೂ ವರ್ಷವನ್ನೂ ಉಬ್ಬಕ್ಷರಗಳಲ್ಲಿ ಒತ್ತುವುದು ಪದ್ಧತಿ. ಹಳೆಯ ಹಳಿಗಳನ್ನು ಬೇಲಿಯ ಕಂಬಗಳಾಗಿ, ತಂತಿಯ ಕಂಬಗಳಾಗಿ, ಚಾವಣಿಯ ತೊಲೆಗಳಾಗಿ ಉಪಯೋಗಿಸಿರುವುದನ್ನು ರೈಲ್ವೆಯ ಆವರಣಗಳಲ್ಲಿ ಕಾಣಬಹುದು. ಬಣ್ಣದ ಹಲವು ಪದರಗಳ ಕೆಳಗೆ ಅಡಗಿದ ಈ ಅಕ್ಷರಗಳನ್ನು ಶಾಸನದ ಅಚ್ಚಿನಂತೆಯೇ ಕಾಗದದ ಮೇಲೆ ಉಜ್ಜಿ ತೆಗೆಯಬಹುದು. ಆದರೆ ಇಲ್ಲಿ ಶಾಸನಶಾಸ್ತ್ರಜ್ಞರ ಎಚ್ಚರಿಕೆಯೇ ಬೇಕು. ಕೆರೆಯ ತೂಬಿಗೆ ಹಾಕಿದ ಶಾಸನದ ಕಲ್ಲು ತೂಬಿನ ಕಾಲವನ್ನು ಹೇಳುವುದಿಲ್ಲ. ಹಾಗೆಯೇ ಬೇಲಿಯ ಹಳಿಯು ಆ ಸ್ಟೇಷನ್ನಿನ ಕಾಲವನ್ನು ಹೇಳುವುದಿಲ್ಲ. ಹಳಿಗಳು ಒಂದು ಮಾರ್ಗದಲ್ಲಿ ಸವೆದ ಮೇಲೆ ಮತ್ತೊಂದಕ್ಕೆ ಹೋಗುವುವು. ಅಕ್ಷರದ ಜೊತೆಗೆ ಅದು ದೊರೆತ ಸ್ಥಳ, ಅಳತೆ, ನಿಲವು ಇವುಗಳನ್ನು ಬರೆದಿಡದಿದ್ದರೆ ಪ್ರತಿಯು ನಿರರ್ಥಕ.

ಕಳೆದ ಮೂರು ದಶಕಗಳಲ್ಲಿ ಈ ಮಾರ್ಗವು ಎರಡು ಸಲ ಮೈಬದಲಾಯಿಸಿದೆ. 1990ರ ದಶಕದಲ್ಲಿ ಮೀಟರು ಅಳತೆಯ ಹಳಿ ಹೋಗಿ 1676 ಮಿಲಿಮೀಟರಿನ ಅಗಲಹಳಿ ಬಂದಿತು. ಆಮೇಲೆ ಹುಬ್ಬಳ್ಳಿ–ಚಿಕ್ಕಜಾಜೂರು ನಡುವಣ ಸುಮಾರು 190 ಕಿಲೋಮೀಟರು ಜೋಡಿಮಾರ್ಗವಾಯಿತು. ಒಂಟಿಹಳಿಯ ಕಾಲದಲ್ಲಿ ಯಂತ್ರದಿಂದ ಹೊರಬಂದ ಲೋಹದ ಗುಂಡು ಚಾಲಕನ ಕೈಯಲ್ಲಿದ್ದ ಹೊರತು ಬಂಡಿಯು ಮುಂದಣ ಸ್ಟೇಷನ್ನಿಗೆ ಹೊರಡುವಂತಿರಲಿಲ್ಲ; ಬೆತ್ತದ ಬಳೆಗೆ ಕಟ್ಟಿದ ಆ ಗುಂಡನ್ನು ಓಡುವ ಬಂಡಿಯಿಂದಲೇ ಕೊಟ್ಟು ತೆಗೆದುಕೊಳ್ಳುವ ಹಸ್ತಕೌಶಲವೊಂದಿತ್ತು. ಯಂತ್ರವನ್ನು ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಕೌಶಲವನ್ನು ಮಾಡಿದವರ ಬಾಯಿಂದ ಮಾತ್ರ ಕೇಳಬಹುದು. ತೋಳಹುಣಸೆ, ಕೊಡಗನೂರು, ಚಳಗೇರಿಗಳಂಥ ಚಿಕ್ಕ ಸ್ಟೇಷನ್ನುಗಳಲ್ಲಿ ಮೀಟರುಹಳಿಯ ಕಾಲದಲ್ಲಿ ದುಡಿದ ಸಿಗ್ನಲಿನವರೂ, ಗೇಟಿನವರೂ, ಹಳಿಯ ಗ್ಯಾಂಗಿನವರೂ ಈಗ ನಿವೃತ್ತರು, ವೃದ್ಧರು. ಮಾಸ್ತರರ ಮಾತನ್ನು ಬರೆದುಕೊಳ್ಳುವವರುಂಟು. ಗ್ಯಾಂಗಿನವನ ಮಾತನ್ನು ಕೇಳುವವರಿಲ್ಲ. ಆದರೆ ಮಳೆಗಾಲದ ರಾತ್ರಿಗಳಲ್ಲಿ ಹಳಿಯ ಉದ್ದಕ್ಕೂ ಲಾಂದ್ರ ಹಿಡಿದು ನಡೆದವನಿಗೆ ಆ ನೆಲದ ತಗ್ಗು ತೆವರುಗಳ ಅರಿವು ಯಾವ ನಕ್ಷೆಗಿಂತಲೂ ಹೆಚ್ಚು.

ಸಾಹಿತ್ಯದ ಉಪಾಧ್ಯಾಯರಿಗೆ ಇದರಲ್ಲಿ ಇನ್ನೊಂದು ಲಾಭವಿದೆ, ಅದು ಪದಸಂಪತ್ತಿನದು. ರೈಲಿಗೆ ಮರಾಠಿಗರು 'ಆಗಗಾಡಿ'ಯೆಂದರು, ಬೆಂಕಿಯ ಗಾಡಿ, ಕನ್ನಡಿಗರು 'ಹೊಗೆಬಂಡಿ'ಯೆಂದರು, 'ಉಗಿಬಂಡಿ'ಯೆಂದರು, ಪಂಡಿತರು 'ಧೂಮಶಕಟ'ವೆಂದರು. ಬೆಟ್ಟದ ಮೇಲಣ ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವುದು ನೈಯಾಯಿಕರ ಪ್ರಸಿದ್ಧೋದಾಹರಣೆ. ಹೊಳೆಯ ಆಚೆಯವರು ಸಾಧ್ಯವನ್ನೂ ಈಚೆಯವರು ಹೇತುವನ್ನೂ ಹೆಸರಿಗೆ ಹಿಡಿದರೆಂದು ವಿನೋದಕ್ಕೆ ಹೇಳಬಹುದು. ತೋಳನ್ನು ಎತ್ತಿ ಇಳಿಸುವ ಸಂಕೇತಸ್ತಂಭಕ್ಕೆ 'ಕೈಮರ'ವೆಂಬ ಅಚ್ಚಗನ್ನಡದ ಮಾತು ಸಂದಿತು. ದಾರಿ ಕೂಡುವಲ್ಲಿ ಊರುಗಳ ದಿಕ್ಕನ್ನು ತೋರಿಸುವ ಕಂಬಕ್ಕೂ ಅದೇ ಹೆಸರು. 'ಸ್ಟೇಷನ್' ಎಂಬುದು ಹಳ್ಳಿಗರ ಬಾಯಲ್ಲಿ 'ಟೇಸನ್' ಆದುದು, ಪದಾದಿಯ ಒತ್ತಕ್ಷರವನ್ನು ಸಹಿಸದ ನಾಲಗೆಯ ಸಹಜಧರ್ಮ. ಈ ಮಾತುಗಳಲ್ಲಿ ಹೊಳೆಯ ಆಚೆ ಯಾವುವು, ಈಚೆ ಯಾವುವು ಬಳಕೆಯಲ್ಲಿದ್ದುವೆಂದು ರಾಣೆಬೆನ್ನೂರು, ಹರಿಹರ, ದಾವಣಗೆರೆಗಳ ವೃದ್ಧರನ್ನು ಕೇಳಿ ಪಟ್ಟಿಮಾಡುವ ಕೆಲಸವು ಕಾಲೇಜಿನ ವಿದ್ಯಾರ್ಥಿಗಳಿಂದಲೂ ಸಾಧ್ಯ. ಸಂಸ್ಥಾನದ ಕನ್ನಡಕ್ಕೂ ಮುಂಬಯಿ ಕರ್ನಾಟಕದ ಕನ್ನಡಕ್ಕೂ ಇದ್ದ ಗೆರೆಯು ಒಂದು ಸೇತುವೆಯ ಎರಡು ಕೊನೆಗಳಲ್ಲಿ ಹೇಗೆ ಕಾಣುವುದೆಂಬುದು ಭಾಷಾಶಾಸ್ತ್ರಕ್ಕೂ ಬೇಕಾದ ವಿಷಯವೇ.

ಉತ್ಸಾಹಿಗಳು ಮರೆಯಬಾರದ ಒಂದು ವ್ಯಾವಹಾರಿಕ ಸಂಗತಿಯುಂಟು. ಅನುಮತಿಯಿಲ್ಲದೆ ರೈಲ್ವೆಯ ನೆಲವನ್ನು ಪ್ರವೇಶಿಸುವುದು 1989ರ ರೈಲ್ವೆ ಕಾಯಿದೆಯ 147ನೆಯ ಪ್ರಕರಣದಂತೆ ಅಪರಾಧ. ಜೋಡಿಹಳಿಯ ಮೇಲೆ ಈಗಿನ ಬಂಡಿಗಳು ಬರುವ ವೇಗದಲ್ಲಿ ಅದು ಪ್ರಾಣಕ್ಕೂ ಅಪಾಯ. ಹಳಿಯ ಅಕ್ಷರಗಳನ್ನು ಓದುವುದಕ್ಕೆ ಓಡುವ ಹಳಿಯ ಬಳಿಗೆ ಹೋಗಬೇಕಾಗಿಯೂ ಇಲ್ಲ. ಅಧಿಕಾರಿಗಳ ಅನುಮತಿಯಿಂದ ಆವರಣದ ಬೇಲಿಯನ್ನೂ ಹಳೆಯ ಸರಕಿನ ಕಟ್ಟೆಯನ್ನೂ ನೋಡಿದರೆ ಬೇಕಾದಷ್ಟು ಕೆಲಸವಿದೆ.

ಸದ್ಯದಲ್ಲಿ ಮೊದಲು ಕೈಹಾಕಬೇಕಾದ ಭಾಗವೆಂದರೆ ದಾವಣಗೆರೆ–ಹರಿಹರಗಳ ನಡುವಣ ತುಂಡೇ. ಅಮರಾವತಿ ಕಾಲನಿಯಲ್ಲಿ ಹರಪನಹಳ್ಳಿಯ ಮೂಲಕ ಕೊಟ್ಟೂರಿಗೆ ಹೋಗುವ ಹೊಸಮಾರ್ಗವು ಕವಲೊಡೆದು, ಹೊಸಪೇಟೆಯ ಹಳೆಯ ಕವಲನ್ನು ಮುಟ್ಟಿದೆ. ಇನ್ನೊಂದೆಡೆ ತುಮಕೂರಿನಿಂದ ಸಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ದಾವಣಗೆರೆಗೆ ಬರುವ ನೇರಮಾರ್ಗಕ್ಕೆ ಮಂಜೂರಾತಿ ದೊರೆತು ಕೆಲಸ ನಡೆದಿದೆ. ಎಂದರೆ 1889ರಲ್ಲಿ ರೈಲು ಬಿಟ್ಟುಹೋದ ಹಳೆಯ ಹೆದ್ದಾರಿಯ ಜಾಡನ್ನೇ ಅದು ಮತ್ತೆ ಹಿಡಿಯಹೊರಟಿದೆ. ಈ ಮಾರ್ಗಕ್ಕಾಗಿ ಸ್ವಾಧೀನವಾಗುವ ಹೊಲಗಳ ಹಳೆಯ ಪಹಣಿಗಳಲ್ಲಿ, ಅಗೆಯುವ ದಿಣ್ಣೆಗಳಲ್ಲಿ, ಪಿ.ಬಿ. ರಸ್ತೆಯ ಹಿಂದಿನ ಮೈಲಿಗಲ್ಲುಗಳೂ ಗಾಡಿಯ ತಂಗುದಾಣಗಳೂ ಎಲ್ಲಿದ್ದುವೆಂಬುದರ ಗುರುತುಗಳು ದೊರೆಯುವ ಸಂಭವವಿದೆ. ಮಣ್ಣಿನ ಏರಿ ಎದ್ದುನಿಂತ ಮೇಲೆ ಅವನ್ನು ನೋಡಲಾಗದು.