ರಟ್ಟಿನಿಂದ ಪೆಟ್ಟಿಗೆಗೆ

‘ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಬಂತು. ತರಬೇತಿ ಕೊಡಲು ಬಂದವರು ಬೋರ್ಡಿನ ಮೇಲೆ ಡೊಂಕು ಗೆರೆ ಎಳೆದು, ನೀವೀಗ ಸಿಟ್ಟಿನ ಹಂತದಲ್ಲಿದ್ದೀರಿ, ಮುಂದೆ ಒಪ್ಪಿಕೊಳ್ಳುತ್ತೀರಿ ಅಂದರು. ಇದು ವಿಜ್ಞಾನವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಆ ಗೆರೆಯ ಬೇರು ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಬರೆದ ಪುಸ್ತಕದಲ್ಲಿದೆ. ಆಕೆ ಮಾತನಾಡಿಸಿದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳನ್ನು. ಸಿಟ್ಟು, ಒಪ್ಪಿಗೆ ಸೇರಿದಂತೆ ಆಕೆ ಹೇಳಿದ ಐದು ಹಂತಗಳನ್ನು ಎಲ್ಲರೂ ಸಾಲಾಗಿ ದಾಟುತ್ತಾರೆ ಎನ್ನಲು ಸಾವು-ನೋವಿನ ವಿಷಯದಲ್ಲೇ ಗಟ್ಟಿ ಪುರಾವೆಯಿಲ್ಲ. ಇನ್ನು ಸಾಫ್ಟ್‌ವೇರಿನ ಮಾತೆಲ್ಲಿ? ಆದರೂ ಕಂಪನಿಗಳಿಗೆ ಅದು ಪ್ರಿಯ. ನೌಕರ ಎತ್ತಿದ ಪ್ರಶ್ನೆಗೆ ‘ಹಂತ’ ಅಂತ ಹೆಸರಿಟ್ಟರೆ ಉತ್ತರ ಕೊಡುವ ಗೋಜಿಲ್ಲವಲ್ಲ!

ನನಗೆ ಇದಕ್ಕಿಂತ ಅಚ್ಚುಮೆಚ್ಚಿನದು ಒಂದು ಪೈಜಾಮ ಕಾರ್ಖಾನೆಯ ಕತೆ. ಅಮೆರಿಕದ ವರ್ಜೀನಿಯಾದ ಮೇರಿಯನ್ ಎಂಬ ಊರಿನ ಹಾರ್ವುಡ್ ಕಂಪನಿಯಲ್ಲಿ ಎಷ್ಟು ತುಂಡಿಗೆ ಅಷ್ಟು ಕೂಲಿ. ಕೆಲಸ ಬದಲಿಸಿದಾಗಲೆಲ್ಲ ಪಳಗಿದ ಕೈಗಳೇ ಮುಗ್ಗರಿಸುತ್ತಿದ್ದವು, ಕೆಲವರು ಕೆಲಸ ಬಿಡುತ್ತಿದ್ದರು. ಮಾಲೀಕ ಆಲ್ಫ್ರೆಡ್ ಮ್ಯಾರೋ ಸ್ವತಃ ಮನೋವಿಜ್ಞಾನಿ, ಸಮಾಜ-ಮನೋವಿಜ್ಞಾನಿ ಕರ್ಟ್ ಲೆವಿನ್‌ರ ಒಡನಾಡಿ. ಅಲ್ಲಿ ಲೆಸ್ಟರ್ ಕಾಕ್ ಮತ್ತು ಜಾನ್ ಫ್ರೆಂಚ್ ಪ್ರಯೋಗ ನಡೆಸಿ 1948ರಲ್ಲಿ ಪ್ರಕಟಿಸಿದರು.

ಒಂದು ಗುಂಪಿಗೆ ಬಂದ ಬದಲಾವಣೆ ಎಷ್ಟು ಗೊತ್ತೇ? ಅರ್ಧ ಡಜನ್ ಪೈಜಾಮಗಳನ್ನು ರಟ್ಟಿನ ಮೇಲೆ ಪೇರಿಸುತ್ತಿದ್ದವರು ಇನ್ನುಮುಂದೆ ಪೆಟ್ಟಿಗೆಯಲ್ಲಿ ಪೇರಿಸಬೇಕು. ಅಷ್ಟೇ. ಸಭೆ ಕರೆದು ಕಾರಣ ಹೇಳಿದರು, ಹೊಸ ದರ ಹೇಳಿದರು, ಪ್ರಶ್ನೆಗಳಿಗೂ ಉತ್ತರಿಸಿದರು. ಫಲ: ಉತ್ಪಾದನೆ ಬಿದ್ದದ್ದು ಏಳಲಿಲ್ಲ, 40 ದಿನಗಳಲ್ಲಿ ಶೇ 17 ಮಂದಿ ಕೆಲಸ ಬಿಟ್ಟರು.

ಬೇರೆ ಗುಂಪುಗಳ ಮುಂದೆ ನೋಡಲು ಒಂದೇ ತರಹದ ಎರಡು ಉಡುಪು ಇಟ್ಟರು. ಒಂದರ ಬೆಲೆ ಇನ್ನೊಂದರ ದುಪ್ಪಟ್ಟು. ಯಾವುದು ಯಾವುದೆಂದು ಯಾರಿಗೂ ತಿಳಿಯಲಿಲ್ಲ. ಖರ್ಚು ಏಕೆ ಇಳಿಯಬೇಕೆಂಬುದು ಭಾಷಣವಿಲ್ಲದೆ ಅರ್ಥವಾಯಿತು. ಆಮೇಲೆ ಇವುಗಳ ಪೈಕಿ ಎರಡು ಸಣ್ಣ ಗುಂಪುಗಳಲ್ಲಿ ಕೆಲಸದ ಹೊಸ ವಿಧಾನ ರೂಪಿಸಲು ಎಲ್ಲರನ್ನೂ ಕೂರಿಸಿಕೊಂಡರು. ಸಲಹೆಗಳು ಬಂದ ರಭಸಕ್ಕೆ ಶೀಘ್ರಲಿಪಿಕಾರರ ಕೈ ಸೋತಿತಂತೆ. ಉತ್ಪಾದನೆ ಬೇಗ ಚೇತರಿಸಿ ಹಿಂದಿಗಿಂತ ಸುಮಾರು ಶೇ 14 ಮೇಲೇರಿತು. ಯಾರೂ ಬಿಟ್ಟು ಹೋಗಲಿಲ್ಲ.

ಗುಂಪುಗಳು ಚಿಕ್ಕವು, ನಿಜ. ನಾರ್ವೆಯ ಚಪ್ಪಲಿ ಕಾರ್ಖಾನೆಯಲ್ಲಿ ಫ್ರೆಂಚ್ ಮತ್ತು ಸಂಗಡಿಗರು ಇಂಥದೇ ಪ್ರಯೋಗ ಮಾಡಿ 1960ರಲ್ಲಿ ಪ್ರಕಟಿಸಿದಾಗ ಉತ್ಪಾದನೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇದನ್ನೂ ಮಂತ್ರದಂಡ ಮಾಡಿಕೊಳ್ಳುವುದು ಬೇಡ.

ಆದರೆ ಹಾರ್ವುಡ್‌ನ ಎರಡನೆಯ ಪ್ರಯೋಗ ನನ್ನ ತಲೆಯಿಂದ ಹೋಗುವುದಿಲ್ಲ. ಮೊದಲ ಗುಂಪಿನಲ್ಲಿ ಉಳಿದಿದ್ದ, ಮುನಿಸಿಕೊಂಡಿದ್ದ 13 ಮಂದಿಯನ್ನೇ ಎರಡೂವರೆ ತಿಂಗಳ ನಂತರ ಮತ್ತೆ ಸೇರಿಸಿ, ಈ ಸಲ ಅವರ ಮಾತು ಕೇಳಿ, ಬೇರೊಂದು ಕೆಲಸಕ್ಕೆ ಹಚ್ಚಿದರು. ಅದೇ ಜನ, ಅದೇ ಕೈ, ಬೇಗನೆ ಚೇತರಿಸಿಕೊಂಡರು. ಅವರ ‘ಹಂತ’ ಬದಲಾಗಿರಲಿಲ್ಲ, ಅವರನ್ನು ನಡೆಸಿಕೊಂಡ ರೀತಿ ಬದಲಾಗಿತ್ತು.