ಡೀಸೆಲ್ ಜೀಪು ನಡುದಾರಿಯಲ್ಲಿ ನಿಂತರೆ: ಪಂಪು ಬಿಚ್ಚಿಸುವ ಮೊದಲು

ಕೊಯ್ಲಿನ ದಿನಗಳಲ್ಲಿ ನಮ್ಮ ಸದಸ್ಯ ಬಾಂಧವರಿಗೆ ಆಳಿನ ಚಿಂತೆಯಷ್ಟೇ ದೊಡ್ಡದು ಗಾಡಿಯ ಚಿಂತೆ. ಹಳೆಯ ಡೀಸೆಲ್ ಜೀಪು ಪೂರ್ತಿ ಕೆಟ್ಟು ಕೂತರೆ ಗ್ಯಾರೇಜಿಗೆ ಎಳೆಸಬಹುದು. ಆಗೊಮ್ಮೆ ಈಗೊಮ್ಮೆ ನಿಂತು, ಮತ್ತೆ ಏನೂ ಆಗದಂತೆ ಓಡುವ ಗಾಡಿಯ ರೋಗ ಹಿಡಿಯುವುದೇ ಕಷ್ಟ. ಮೆಕ್ಯಾನಿಕ್ಕಿನ ಎದುರಿಗೆ ಅದು ನಿಲ್ಲುವುದೇ ಇಲ್ಲ!

ನಮ್ಮ ಜೀಪಿಗೂ ಹೀಗೇ ಆಯಿತು. ಅಡಿಕೆ ಇಳಿಸಿ ಚಾರ್ಮಾಡಿ ಘಾಟಿ ಹತ್ತಿ ಬರುವಾಗ ಎರಡು ಸಲ ನಿಂತಿತು. ಪ್ರತಿ ಸಲವೂ ಕೈಪಂಪು ಹೊಡೆದು ಗಾಳಿ ತೆಗೆದ ಮೇಲೆಯೇ ಹೊರಟಿದ್ದು. ಇಂಜೆಕ್ಷನ್ ಪಂಪು ಹೋಗಿದೆ ಎಂದರು. ಬಿಚ್ಚಿಸಿ, ದುಡ್ಡು ಸುರಿದೆವು. ಮರುವಾರ ಅದೇ ಘಾಟಿಯಲ್ಲಿ ಮತ್ತೆ ನಿಂತಿತು. ಕೊನೆಗೆ ಸಿಕ್ಕ ಕಳ್ಳನೆಂದರೆ, ಟ್ಯಾಂಕಿನ ಬುಡದಲ್ಲಿ ಬಿರುಕು ಬಿಟ್ಟಿದ್ದ ಗೇಣುದ್ದದ ರಬ್ಬರ್ ಪೈಪು.

ಇದು ಹೇಗೆ? ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ಹೀರಿಯೇ ತರಬೇಕು. ಹೀರುವ ದಾರಿಯಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ. ಗಾಳಿ ಒಳಗೆ ಹೋಗುತ್ತದೆ. ಆದುದರಿಂದ ಕಣ್ಣಿಗೆ ಕಾಣದು. ಟ್ಯಾಂಕು ತುಂಬಿದ್ದಾಗ ಹೀರುವ ಶ್ರಮ ಕಡಿಮೆ. ಡೀಸೆಲ್ ಇಳಿದು, ಏರಿನಲ್ಲಿ ಎಂಜಿನ್ ಮೇಲಾಗಿ ಟ್ಯಾಂಕು ಕೆಳಗಾದಾಗ ಶ್ರಮ ಹೆಚ್ಚಿ ಗಾಳಿ ನುಗ್ಗುತ್ತದೆ. ನಾಜಲಿನಿಂದ ಡೀಸೆಲ್ ಸಿಡಿಯಲು ಚದರ ಸೆಂಟಿಮೀಟರಿಗೆ 100 ಕಿಲೋಗ್ರಾಮಿಗೂ ಮಿಕ್ಕಿದ ಒತ್ತಡ ಬೇಕು. ಗಾಳಿ ಒತ್ತಿದಷ್ಟೂ ಕುಗ್ಗುವುದರಿಂದ ಆ ಒತ್ತಡವೇ ಹುಟ್ಟುವುದಿಲ್ಲ.

ಗಾಡಿ ನಿಂತ ರೀತಿಯನ್ನು ಮೊದಲು ಗಮನಿಸಿ. ಕೀಲಿ ತಿರುಗಿಸಿದಂತೆ ತಟ್ಟನೆ ಆರಿದರೆ, ಕೀಲಿಯಿಂದಲೇ ಎಂಜಿನ್ ನಿಲ್ಲುವ ಗಾಡಿಗಳಲ್ಲಿ, ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡಿನ ವೈರು ಸಡಿಲವಿದೆಯೇ ನೋಡಿ. ಎಳೆತ ಕಳೆದುಕೊಂಡು ಮುಗ್ಗರಿಸುತ್ತ ನಿಂತರೆ ಡೀಸೆಲ್ ಸಾಲುತ್ತಿಲ್ಲವೆಂದು ತಿಳಿಯಿರಿ. ಆಗ ಟ್ಯಾಂಕಿನ ಕಡೆಯಿಂದ ಹೀಗೆ ಪರೀಕ್ಷಿಸುತ್ತ ಬನ್ನಿ:

1. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ಯೆಂದು ಗಾಳಿ ಒಳಗೆ ಎಳೆದರೆ ಗಾಳಿಕಂಡಿ ಕಟ್ಟಿದೆ, ಸ್ವಚ್ಛಗೊಳಿಸಿದರೆ ಸಾಕು.

2. ಹತ್ತು ನಿಮಿಷ ಬಿಟ್ಟರೆ ತಾನಾಗಿ ಸರಿಹೋಗುವುದಾದರೆ ಟ್ಯಾಂಕಿನೊಳಗೆ ಕಸವಿರಬಹುದು. ಹೀರುವಾಗ ಪೈಪಿನ ಬಾಯಿಗೆ ಅಂಟಿದ ಕಸ, ಎಂಜಿನ್ ನಿಂತ ಮೇಲೆ ಕೆಳಗೆ ಬೀಳುತ್ತದೆ.

3. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವಾಂಶ ನೀರಾಗಿ ತಳಕ್ಕಿಳಿಯುತ್ತದೆ. ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿದರೆ ನೀರು ಅಡಿಯಲ್ಲಿ ಬೇರೆಯಾಗಿ ನಿಲ್ಲುವುದು ಕಾಣುತ್ತದೆ. ಲೋಳೆ ಕಂಡರೆ ಟ್ಯಾಂಕನ್ನೇ ತೊಳೆಸಿ.

4. ಫೀಡ್ ಪಂಪಿನ ಮೊದಲು ಸ್ವಲ್ಪ ದೂರ, ಡೀಸೆಲ್ ತಡೆಯುವ ಪಾರದರ್ಶಕ ಪೈಪು ಹಾಕಿಸಿ. ಗುಳ್ಳೆ ಓಡುತ್ತಿದ್ದರೆ ಹಿಂದಿನ ಪೈಪು, ಕ್ಲಿಪ್ಪು, ವಾಷರುಗಳಲ್ಲಿ ದೋಷವಿದೆ. ವಾಷರುಗಳನ್ನು ಹೊಸದೇ ಹಾಕಿಸುವುದು ಲೇಸು.

5. ಆಗಲೂ ತಿಳಿಯದಿದ್ದರೆ, ಶುದ್ಧ ಡೀಸೆಲಿನ ಕ್ಯಾನಿನಿಂದ ನೇರವಾಗಿ ಫೀಡ್ ಪಂಪಿಗೆ ಪೈಪು ಕೊಡಿಸಿ, ಎಂಜಿನ್ನನ್ನು ಬಹಳ ಹೊತ್ತು ಓಡಿಸಿ ನೋಡಿ. ನಿಲ್ಲದಿದ್ದರೆ ತಪ್ಪು ಟ್ಯಾಂಕಿನ ಕಡೆಗಿದೆ; ಪಂಪನ್ನು ಮುಟ್ಟಬೇಡಿ. ಇಷ್ಟಾಗಿಯೂ ನಿಂತರೆ ಫಿಲ್ಟರ್ ಬದಲಿಸಿ, ಫೀಡ್ ಪಂಪು ನೋಡಿಸಿ. ಇಂಜೆಕ್ಷನ್ ಪಂಪಿನ ಸರದಿ ಕೊನೆಯದು.

ಎರಡು ಎಚ್ಚರಿಕೆಯ ಮಾತು. ಎಂಜಿನ್ ಓಡುವಾಗ ನಾಜಲಿನ ಪೈಪಿನ ಸೋರಿಕೆಯನ್ನು ಬೆರಳಿಟ್ಟು ನೋಡಬಾರದು. ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಇನ್ನು, ಬ್ರೇಕಿಗೆ ವ್ಯಾಕ್ಯೂಮ್ ನೆರವಿರುವ ಗಾಡಿಗಳಲ್ಲಿ ಎಂಜಿನ್ ಆರಿದ ಮೇಲೆ ಒಂದೆರಡು ಸಲ ತುಳಿಯುವಷ್ಟರಲ್ಲಿ ಪೆಡಲು ಗಟ್ಟಿಯಾಗುತ್ತದೆ. ಘಾಟಿಯಲ್ಲಿ ನಿಂತರೆ ಒಂದೇ ಸಲ ಬಲವಾಗಿ ತುಳಿದು ಹಿಡಿಯಿರಿ. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿಸಿ. ರೋಗ ಪತ್ತೆಯಾಗುವ ತನಕ ಅಂಥ ಗಾಡಿಯಲ್ಲಿ ಹಣ್ಣು ಕುಯ್ಯುವ ಆಳುಗಳನ್ನು ಕೂರಿಸಿ ಘಾಟಿ ಹತ್ತಿಸಬೇಡಿ.

ಗಾಡಿ ನಿಂತಾಗಲೆಲ್ಲ ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿತ್ತು, ಏರೋ ಸಮತಟ್ಟೋ, ಎಷ್ಟು ದೂರ ಓಡಿತ್ತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಎಂದೂ ತುಂಬಿದ ಟ್ಯಾಂಕಿನಲ್ಲಿ ನಮ್ಮ ಜೀಪು ನಿಂತದ್ದಿಲ್ಲ. ಅದನ್ನು ಮೊದಲೇ ಗಮನಿಸಿದ್ದರೆ ನಮಗೆ ಪಂಪಿನ ಖರ್ಚು ಉಳಿಯುತ್ತಿತ್ತು.