ವಿದ್ಯುತ್ ನಿಂತರೂ ಲೆಕ್ಕ ನಿಲ್ಲದಿರಲಿ: ಗಣಕಯಂತ್ರಕ್ಕೆ ಇನ್ವರ್ಟರ್ ಆಯ್ಕೆ

ಕಿರ್ದಿ-ಖಾತೆ ಪುಸ್ತಕಗಳ ಕಾಲದಲ್ಲಿ ದೀಪ ಆರಿದರೆ ವರ್ತಕರು ಮೇಣದಬತ್ತಿ ಹಚ್ಚಿಕೊಂಡು ಬರವಣಿಗೆ ಮುಂದುವರಿಸಬಹುದಿತ್ತು. ಬಿಲ್ಲು, ದಾಸ್ತಾನು, ತೆರಿಗೆ ವಿವರಪಟ್ಟಿಗಳೆಲ್ಲ ಗಣಕಯಂತ್ರವನ್ನು ಸೇರಿರುವ ಇಂದು ಆ ಅನುಕೂಲ ಉಳಿದಿಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲಂತೂ ಸಣ್ಣ ಅಂಗಡಿಗೂ ಗಣಕಯಂತ್ರ ಅನಿವಾರ್ಯವಾಯಿತು. ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ ಜಿಎಸ್‌ಟಿಆರ್-3ಬಿ ನಮೂನೆಯ ಕೊನೆಯ ದಿನ ಸಾಮಾನ್ಯವಾಗಿ ಮರುತಿಂಗಳ 20. ಆ ಸಂಜೆ ವಿದ್ಯುತ್ ಕೈಕೊಟ್ಟು ದಿನ ತಪ್ಪಿದರೆ, ತೆರಿಗೆ ಬಾಧ್ಯತೆ ಇರುವವರು ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕವನ್ನೂ ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯನ್ನೂ ತೆರಬೇಕಾಗುತ್ತದೆ.

2023ರಲ್ಲಿ ಮುಂಗಾರು ಕೈಕೊಟ್ಟು, ಅಕ್ಟೋಬರ್ ವೇಳೆಗೆ ರಾಜ್ಯದಲ್ಲಿ ವಿದ್ಯುತ್ ಅಭಾವ ತಲೆದೋರಿದುದನ್ನು ಉದ್ದಿಮೆದಾರರು ಮರೆತಿರಲಾರರು. ಇಂತಹ ದಿನಗಳಲ್ಲಿ ಮೊದಲು ನೆನಪಾಗುವುದು ಇನ್ವರ್ಟರ್. ಆದರೆ ದೀಪ-ಫ್ಯಾನುಗಳಿಗೆಂದು ಕೊಂಡ ಇನ್ವರ್ಟರಿಗೆ ಗಣಕಯಂತ್ರವನ್ನೂ ಜೋಡಿಸಿ ನಿರಾಶರಾದವರು ಕಡಿಮೆಯಿಲ್ಲ. ಬಹುತೇಕ ಸಂದರ್ಭಗಳಲ್ಲಿ ದೋಷ ಯಂತ್ರದಲ್ಲಿರುವುದಿಲ್ಲ. ಕೊಳ್ಳುವ ಮುನ್ನ ಹಾಕಬೇಕಾಗಿದ್ದ ಲೆಕ್ಕವನ್ನು ಹಾಕದಿರುವುದೇ ಕಾರಣವಾಗಿರುತ್ತದೆ.

ಎರಡು ಅಳತೆ, ಎರಡು ಅರ್ಥ

ಇನ್ವರ್ಟರ್ ಪೆಟ್ಟಿಗೆಯ ಮೇಲೆ 900 ವಿ.ಎ. ಎಂದು ದೊಡ್ಡದಾಗಿ ಮುದ್ರಿಸಿರುತ್ತದೆ. ಈ ಸಂಖ್ಯೆ ಹೇಳುವುದು, ಏಕಕಾಲದಲ್ಲಿ ಎಷ್ಟು ಹೊರೆಯನ್ನು ಯಂತ್ರ ತಾಳಬಲ್ಲದು ಎಂಬುದನ್ನು ಮಾತ್ರ. ಅದೂ ವ್ಯಾಟ್ ಲೆಕ್ಕದಲ್ಲಿ ಸುಮಾರು 700ಕ್ಕೆ ಇಳಿಯುತ್ತದೆ. ಎಷ್ಟು ಗಂಟೆ ನಡೆಯುತ್ತದೆ ಎಂಬುದನ್ನು ನಿರ್ಧರಿಸುವುದು ಬ್ಯಾಟರಿಯ ಆಂಪಿಯರ್-ಅವರ್ ಸಾಮರ್ಥ್ಯ. ಮೊದಲನೆಯದು ನಲ್ಲಿಯ ಅಗಲವಾದರೆ ಎರಡನೆಯದು ತೊಟ್ಟಿಯ ಆಳ. ಅಗಲವಾದ ನಲ್ಲಿ ಕೊಂಡ ಮಾತ್ರಕ್ಕೆ ತೊಟ್ಟಿಯಲ್ಲಿ ನೀರು ಹೆಚ್ಚುವುದಿಲ್ಲ.

ಒಂದು ಕಚೇರಿಯ ಲೆಕ್ಕ

ಮನೆಯ ಮುಂಗೋಣೆಯನ್ನೇ ಕಚೇರಿ ಮಾಡಿಕೊಂಡಿರುವ ಸಣ್ಣ ಉದ್ದಿಮೆದಾರರೊಬ್ಬರ ಉದಾಹರಣೆಯನ್ನು ಇಲ್ಲಿ ಪರಿಶೀಲಿಸಬಹುದು. ಪರದೆಯೂ ಸೇರಿ ಗಣಕಯಂತ್ರಕ್ಕೆ 100 ವ್ಯಾಟ್, ಅಂತರ್ಜಾಲದ ರೂಟರಿಗೆ 10, ಎರಡು ಎಲ್‌ಇಡಿ ದೀಪಗಳಿಗೆ 20, ಒಂದು ಫ್ಯಾನಿಗೆ 70; ಒಟ್ಟು 200 ವ್ಯಾಟ್ ಎಂದಿಟ್ಟುಕೊಂಡರೆ, ಬ್ಯಾಟರಿ 12 ವೋಲ್ಟಿನ, 150 ಆಂಪಿಯರ್-ಅವರ್ ಸಾಮರ್ಥ್ಯದ್ದು. ಎರಡನ್ನೂ ಗುಣಿಸಿದರೆ 1800 ವ್ಯಾಟ್-ಅವರ್. ಇದನ್ನು 200ರಿಂದ ಭಾಗಿಸಿ ಒಂಬತ್ತು ಗಂಟೆ ಎಂದು ತೀರ್ಮಾನಿಸುವುದೇ ಸಾಮಾನ್ಯವಾಗಿ ಆಗುವ ತಪ್ಪು.

ಬ್ಯಾಟರಿಯ ಏಕಮುಖ ವಿದ್ಯುತ್ತನ್ನು 230 ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವಾಗ ಸುಮಾರು ಶೇ. 20ರಷ್ಟು ಶಾಖವಾಗಿ ಕಳೆದುಹೋಗುತ್ತದೆ. ಉಳಿಯುವುದು 1440. ಸೀಸ-ಆಮ್ಲ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುವುದರಿಂದ ಶೇ. 70ರಷ್ಟನ್ನು ಮಾತ್ರ ಬಳಸುವುದು ಜಾಣತನ. ಆಗ ಕೈಗೆ ಸಿಗುವುದು ಸುಮಾರು 1000 ವ್ಯಾಟ್-ಅವರ್, ಅಂದರೆ ಐದು ಗಂಟೆ. ಇಷ್ಟಕ್ಕೂ, ಈ 150ರ ಅಂಕಿ ಸಾಮಾನ್ಯವಾಗಿ 20 ಗಂಟೆಗಳ ಕಾಲ ಗಂಟೆಗೆ ಏಳೂವರೆ ಆಂಪಿಯರ್‌ನಂತೆ ನಿಧಾನವಾಗಿ ಬಳಸಿದಾಗ ದೊರೆಯುವಂಥದು. ಇಲ್ಲಿ 20 ಆಂಪಿಯರಿಗೂ ಹೆಚ್ಚು ಸೆಳೆಯಲಾಗುತ್ತಿದೆ. ವೇಗವಾಗಿ ಸೆಳೆದಷ್ಟೂ ಬ್ಯಾಟರಿ ಕೊಡುವ ಒಟ್ಟು ಪ್ರಮಾಣ ಕಡಿಮೆಯಾಗುವುದರಿಂದ ನಾಲ್ಕು ಗಂಟೆಯನ್ನು ನಂಬಿಕೊಳ್ಳುವುದೇ ಕ್ಷೇಮ. ಫ್ಯಾನನ್ನು ಬಿಟ್ಟರೆ ಹೊರೆ 130 ವ್ಯಾಟಿಗೆ ಇಳಿದು ಆರು ಗಂಟೆಗೂ ಮಿಗಿಲಾದ ಅವಧಿ ದೊರಕುತ್ತದೆ.

ಈ ಪಟ್ಟಿಯಲ್ಲಿ ಮರೆತುಹೋಗುವ ವಸ್ತು ರೂಟರ್. ಗಣಕಯಂತ್ರ ಉರಿಯುತ್ತಿದ್ದರೂ ರೂಟರ್ ಆರಿದರೆ ವಿವರಪಟ್ಟಿ ಸಲ್ಲಿಕೆಯಾಗದು. ಇದಕ್ಕೆ ವಿರುದ್ಧವಾಗಿ, ಎಂದಿಗೂ ಸೇರಿಸಬಾರದ ವಸ್ತು ಲೇಸರ್ ಮುದ್ರಣಯಂತ್ರ. ಅದರ ಬಿಸಿ ಉರುಳೆ ಕ್ಷಣಮಾತ್ರದಲ್ಲಿ ನೂರಾರು ವ್ಯಾಟ್ ಸೆಳೆದು ಸಣ್ಣ ಇನ್ವರ್ಟರನ್ನು ಸ್ತಬ್ಧಗೊಳಿಸಬಲ್ಲದು.

ಬದಲಾವಣೆಯ ಕ್ಷಣ

ವಿದ್ಯುತ್ ಹೋದಾಗ ಇನ್ವರ್ಟರ್ ಬ್ಯಾಟರಿಗೆ ಹೊರಳಲು ಕೆಲವು ಮಿಲಿಸೆಕೆಂಡುಗಳು ಹಿಡಿಯುತ್ತವೆ. ದೀಪ ಒಮ್ಮೆ ಮಿಟುಕಿದರೆ ನಷ್ಟವಿಲ್ಲ. ಆದರೆ ಗಣಕಯಂತ್ರದ ಒಳಗಿನ ವಿದ್ಯುತ್ ಪೂರೈಕೆ ಘಟಕ ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡ್‌ ಮಾತ್ರ ತಡೆದುಕೊಳ್ಳುವಂತೆ ರೂಪಿತವಾಗಿರುತ್ತದೆ. ಅದಕ್ಕಿಂತ ತಡವಾದರೆ ಯಂತ್ರ ಮರುಪ್ರಾರಂಭವಾಗುತ್ತದೆ. ಉಳಿಸದ ನಮೂದು ಹೋಗುತ್ತದೆ, ತೆರೆದಿದ್ದ ಲೆಕ್ಕದ ಕಡತ ಕೆಡುವುದೂ ಉಂಟು. ಈ ಕಾರಣಕ್ಕಾಗಿಯೇ ಅನೇಕ ಇನ್ವರ್ಟರುಗಳ ಹಿಂಬದಿಯಲ್ಲಿ ‘ಯುಪಿಎಸ್’ ಎಂಬ ಸ್ವಿಚ್ ಇರುತ್ತದೆ. ಗಣಕಯಂತ್ರ ಬಳಸುವವರು ಅದನ್ನು ಆ ಸ್ಥಾನದಲ್ಲಿಡಬೇಕು.

ಇದರಲ್ಲಿಯೂ ಒಂದು ಸೂಕ್ಷ್ಮವಿದೆ. ಯುಪಿಎಸ್ ಸ್ಥಾನದಲ್ಲಿ ಇನ್ವರ್ಟರ್, ಲೈನಿನ ವೋಲ್ಟೇಜ್ 180ರ ಆಸುಪಾಸಿಗೆ ಇಳಿದರೆ ವಿದ್ಯುತ್ ಇದ್ದರೂ ಬ್ಯಾಟರಿಗೆ ಹೊರಳುತ್ತದೆ. ಪಂಪ್‌ಸೆಟ್ಟುಗಳ ಹೊರೆಯಿಂದ ವೋಲ್ಟೇಜ್ ಕುಸಿಯುವ ಊರುಗಳಲ್ಲಿ ಬ್ಯಾಟರಿ ತಿಳಿಯದಂತೆಯೇ ಬರಿದಾಗಿ, ನಿಜವಾಗಿ ವಿದ್ಯುತ್ ಹೋದಾಗ ಕೈಕೊಡುತ್ತದೆ. ಇಂತಹ ಕಡೆ ಬ್ಯಾಟರಿಯನ್ನು ದೂಷಿಸುವ ಮೊದಲು ಲೈನಿನ ವೋಲ್ಟೇಜನ್ನು ಅಳೆಸುವುದು ಲೇಸು.

ಇನ್ವರ್ಟರ್ ಹೊರಡಿಸುವ ವಿದ್ಯುತ್ತಿನ ಅಲೆಯ ಆಕಾರವೂ ಮುಖ್ಯ. ಚೌಕ ಅಲೆಯ ಇನ್ವರ್ಟರ್ ಅಗ್ಗ. ಆದರೆ ಇತ್ತೀಚಿನ ಗಣಕಯಂತ್ರಗಳ ಪೂರೈಕೆ ಘಟಕಗಳಲ್ಲಿ ಕೆಲವು ಅದಕ್ಕೆ ಸರಿಯಾಗಿ ಹೊಂದಿಕೊಳ್ಳುವುದಿಲ್ಲ, ಫ್ಯಾನು ಗುಂಯ್‌ಗುಡುತ್ತದೆ. ಸೈನ್ ಅಲೆಯ ಇನ್ವರ್ಟರ್ ಲೈನಿನ ವಿದ್ಯುತ್ತನ್ನೇ ಹೋಲುವಂತೆ ಕೊಡುವುದರಿಂದ ಗಣಕಯಂತ್ರಕ್ಕೆ ಅದೇ ಯೋಗ್ಯ.

ಬ್ಯಾಟರಿಯೇ ಬಂಡವಾಳ

ಮತ್ತೆಮತ್ತೆ ಬದಲಾಯಿಸಬೇಕಾಗುವ ಭಾಗ ಇನ್ವರ್ಟರ್ ಅಲ್ಲ, ಬ್ಯಾಟರಿ. 150 ಆಂಪಿಯರ್-ಅವರ್ ಬ್ಯಾಟರಿಗೆ 15 ಆಂಪಿಯರ್ ಆಸುಪಾಸಿನ ಚಾರ್ಜು ಸೂಕ್ತ, ಶೇ. 70ರಷ್ಟು ಬರಿದಾದದ್ದು ಪೂರ್ತಿ ತುಂಬಲು ಎಂಟರಿಂದ ಹತ್ತು ಗಂಟೆ ಬೇಕು. ಬೆಳಗ್ಗೆ ಮೂರು ಗಂಟೆ, ಸಂಜೆ ಮೂರು ಗಂಟೆ ವಿದ್ಯುತ್ ಹೋಗುವ ಊರಿನಲ್ಲಿ ಅದು ಹಗಲಿನಲ್ಲಿ ಪೂರ್ತಿ ತುಂಬುವ ಅವಕಾಶ ಕಡಿಮೆ. ಅರೆ ತುಂಬಿದ ಸ್ಥಿತಿಯಲ್ಲಿಯೇ ಬಹುಕಾಲ ಉಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಸಾಮರ್ಥ್ಯ ಇಳಿಯುತ್ತದೆ. ಮೇಲಿಂದ ಮೇಲೆ ಬಳಸುವವರಿಗೆ ಚಪ್ಪಟೆ ಫಲಕದ ಬ್ಯಾಟರಿಗಿಂತ ಟ್ಯೂಬ್ಯುಲರ್ ಬ್ಯಾಟರಿ ದೀರ್ಘಕಾಲ ಬಾಳುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಇನ್ನೂ ಹೆಚ್ಚು ಬಾಳುವುದಾದರೂ ಆರಂಭಿಕ ಹೂಡಿಕೆ ಅಧಿಕ. ಅದಕ್ಕೆ ಹೊಂದುವ ಚಾರ್ಜರೂ ಬೇಕು.

ನೀರಿನ ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ನಲ್ಲಿಯ ನೀರಿನಲ್ಲಿರುವ ಲವಣಗಳು ಫಲಕಗಳನ್ನು ಕೆಡಿಸುತ್ತವೆ. ಚಾರ್ಜಾಗುವಾಗ ಜಲಜನಕ ಅನಿಲ ಹೊರಬರುವುದರಿಂದ ಗಾಳಿಯಾಡದ ಕಪಾಟಿನಲ್ಲಾಗಲಿ, ದೀಪ ಹಚ್ಚುವ ದೇವರ ಗೂಡಿನ ಬಳಿಯಲ್ಲಾಗಲಿ ಬ್ಯಾಟರಿ ಇಡಕೂಡದು. ಹಳೆಯ ಬ್ಯಾಟರಿಯನ್ನು ಗುಜರಿಗೆ ಹಾಕದೆ, ಹೊಸದನ್ನು ಕೊಳ್ಳುವಾಗ ಮಾರಾಟಗಾರರಿಗೇ ಹಿಂದಿರುಗಿಸಿ ಬೆಲೆಯಲ್ಲಿ ಕಡಿತ ಪಡೆಯಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಆಶಯವೂ ಇದೇ.

ಕೊಳ್ಳುವ ಮುನ್ನ

ಒಂದೇ ಗಣಕಯಂತ್ರ, ದಿನಕ್ಕೆ ಅರ್ಧ ಗಂಟೆ ವಿದ್ಯುತ್ ವ್ಯತ್ಯಯ ಎಂಬಂತಹ ಕಡೆ ಇನ್ವರ್ಟರ್ ಅಗತ್ಯವೇ ಎಂದು ಮೊದಲು ಯೋಚಿಸಬೇಕು. ಒಳಗೇ ಬ್ಯಾಟರಿ ಹೊಂದಿರುವ ಲ್ಯಾಪ್‌ಟಾಪು ಹಾಗೂ ರೂಟರಿಗೊಂದು ಪುಟ್ಟ ಬ್ಯಾಟರಿ ಘಟಕ ಅಲ್ಲಿ ಸಾಕಾಗಬಹುದು. ಮೇಜಿನ ಕೆಳಗಿಡುವ 600 ವಿ.ಎ. ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್-ಅವರ್ ಬ್ಯಾಟರಿ ಇರುತ್ತದೆ. ಅದು ಕೆಲಸವನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚಲು ಬೇಕಾದಷ್ಟು ನಿಮಿಷಗಳನ್ನು ಒದಗಿಸುತ್ತದೆಯೇ ಹೊರತು ದಿನದ ವಹಿವಾಟನ್ನು ನಡೆಸುವುದಿಲ್ಲ.

ಇನ್ವರ್ಟರ್ ಬೇಕೆಂದು ನಿರ್ಧರಿಸಿದವರು ಅಂಗಡಿಗೆ ಹೋಗುವಾಗ ಒಂದು ಚೀಟಿಯನ್ನು ಜೊತೆಗೊಯ್ಯಲಿ. ಅದರಲ್ಲಿ ನಡೆಯಲೇಬೇಕಾದ ಉಪಕರಣಗಳ ಒಟ್ಟು ವ್ಯಾಟ್, ಬೇಕಾದ ಗಂಟೆಗಳು, ದಿನಕ್ಕೆ ಎಷ್ಟು ಬಾರಿ ವಿದ್ಯುತ್ ಹೋಗುತ್ತದೆ ಹಾಗೂ ಸಂಜೆಯ ವೋಲ್ಟೇಜ್ ಎಷ್ಟು ಎಂಬ ನಾಲ್ಕು ವಿವರಗಳಿರಲಿ. ಸರಕು ಕೊಳ್ಳುವಾಗ ತೂಕ, ಅಳತೆ, ಬೆಲೆಗಳನ್ನು ಮೂರು ಬಾರಿ ಪರಿಶೀಲಿಸುವ ವರ್ತಕರು, ಆ ಸರಕಿನ ಲೆಕ್ಕವನ್ನೇ ಕಾಯಬೇಕಾದ ಯಂತ್ರದ ವಿಷಯದಲ್ಲಿ ಅದೇ ಎಚ್ಚರ ವಹಿಸಿದರೆ 20ರ ಸಂಜೆ ದೀಪ ಆರಿದರೂ ಅವರ ಕೆಲಸ ನಿಲ್ಲದು.